ಗೋಲುಕಂಬಗಳ ನಡುವೆ ನಿಂತ ಪರದೇಶಿ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ತಿಂಗಳು ತಿಂಗಳೂ ವಿದ್ವಾಂಸರು ನಿಂತು ಮಾತನಾಡುವ ಈ ಜಾಗದಲ್ಲಿ ಒಬ್ಬ ಬ್ಯಾಂಕ್ ಗುಮಾಸ್ತನನ್ನು ತಂದು ನಿಲ್ಲಿಸಿರುವುದು ನಮ್ಮ ಕಾರ್ಯದರ್ಶಿಗಳ ಧೈರ್ಯವೇ ಹೊರತು ನಮ್ಮ ಯೋಗ್ಯತೆಯಲ್ಲ. ನಾವು ಓದಿದ್ದು ಬಿ.ಕಾಂ. ಜಮಾ-ಖರ್ಚಿನ ಶಾಸ್ತ್ರವೊಂದನ್ನು ಬಿಟ್ಟರೆ ಮತ್ತಾವ ಶಾಸ್ತ್ರವೂ ನಮಗೆ ತಿಳಿಯದು. ಆದಕಾರಣ ಸಾಹಿತ್ಯದ ಗೊಡವೆಗೆ ಹೋಗದೆ, ಹಣಕ್ಕಾಗಿ ಕಾಲ್ಚೆಂಡು ಆಡಿದ ಒಬ್ಬ ಗೋಲ್‌ಕೀಪರನ ಕತೆಯನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ. ರಾಜ್ಯೋತ್ಸವಕ್ಕೂ ಗೋಲ್‌ಕೀಪರನಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಹುಟ್ಟಿದ್ದು ಕಳೆದ ತಿಂಗಳ ನಮ್ಮ ಮಕ್ಕಳ ಕ್ರೀಡಾಕೂಟದಲ್ಲಿ.

ಆ ದಿನ ಫುಟ್‌ಬಾಲ್ ಪಂದ್ಯಕ್ಕೆ ನಮ್ಮನ್ನು ಪಂಚರನ್ನಾಗಿ ಮಾಡಿದ್ದರು. ಹುಡುಗರೆಲ್ಲರಿಗೂ ಮುಂದೆ ಆಡಿ ಗೋಲು ಹೊಡೆಯುವ ಆಸೆ. ಗೋಲಿನಲ್ಲಿ ನಿಲ್ಲುವವರು ಯಾರು? ತಂದೆಗೆ ವರ್ಗವಾಗಿ ಜೂನ್ ತಿಂಗಳಲ್ಲಿ ಗದಗಿನಿಂದ ಬಂದ ಒಬ್ಬ ಹುಡುಗನಿದ್ದಾನೆ. ಹಿಂದಿ ಸರಿಯಾಗಿ ಬಾರದು, ಮರಾಠಿ ಏನೂ ಬಾರದು. ಮುಂಬಯಿಯಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಅವನ ಕನ್ನಡ ಕೇಳಿದರೆ ನಗು. ಎಲ್ಲರೂ ಸೇರಿ ಅವನನ್ನು ಗೋಲಿಗೆ ದೂಡಿದರು. ಗಲ್ಲಿಯ ಆಟದಲ್ಲಿ ಇದೇ ಕಾಯಿದೆ: ಹೊಸಬನು ಗೋಲಿಗೆ. ಐದು ಗೋಲು ಆದವು. ಆಟ ಮುಗಿದು ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದಾಗ ಆ ಹುಡುಗ ಮೈದಾನದ ಮೂಲೆಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಲೇ ಇದ್ದನು, ತಲೆ ಎತ್ತಲಿಲ್ಲ. ಪಂಚರಾದ ನಾವು ಸೀಟಿಯನ್ನು ಕಿಸೆಗೆ ಹಾಕಿಕೊಂಡು ಮನೆಗೆ ಬಂದೆವು. ಏನಾದರೂ ಹೇಳಬೇಕಾಗಿತ್ತು, ಹೇಳಲಿಲ್ಲ. ಅಂದು ಹೇಳದೆ ಉಳಿದ ಮಾತನ್ನೇ ಇಂದು ಆಡುತ್ತಿದ್ದೇವೆ.

ಗೋಲ್‌ಕೀಪರನ ಕೆಲಸ ಎಂಥದೆಂಬುದನ್ನು ಮೊದಲು ನೋಡಬೇಕು. ಅವನು ಕಾಯಬೇಕಾದ ಬಾಗಿಲು ಅಗಲದಲ್ಲಿ 24 ಅಡಿ, ಎತ್ತರದಲ್ಲಿ 8 ಅಡಿ. ನಮ್ಮಲ್ಲಿ ಅನೇಕರು ಬಾಡಿಗೆಗಿರುವ ಖೋಲಿಯ ಗೋಡೆ ಅಷ್ಟು ಉದ್ದವಿಲ್ಲ! ಹತ್ತು ಜನ ಕಾಲಲ್ಲಿ ಆಡುವಾಗ ಇವನೊಬ್ಬನು ಕೈಯಲ್ಲಿ ಆಡುತ್ತಾನೆ. ಅಂಗಿಯ ಬಣ್ಣವೂ ಬೇರೆ. ಮುಂದಿನವನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ; ಇವನು ಹತ್ತು ಸಲ ಹಿಡಿದು ಹನ್ನೊಂದನೆಯ ಸಲ ಬಿಟ್ಟರೆ ಆ ಹನ್ನೊಂದನೆಯದು ಮಾತ್ರ ಲೆಕ್ಕಕ್ಕೆ. ಕ್ಯಾಶ್ ಕೌಂಟರಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನವಿಡೀ ನೂರಾರು ಚಲನ್ ಸರಿಯಾಗಿ ತೆಗೆದುಕೊಂಡವನನ್ನು ಯಾರೂ ಶಾಭಾಸ್ ಎನ್ನುವುದಿಲ್ಲ. ಸಂಜೆ ಐನೂರರ ಒಂದು ನೋಟು ಕಡಿಮೆ ಬಿದ್ದರೆ ಇಡೀ ಶಾಖೆ ಅವನ ಮುಖ ನೋಡುತ್ತದೆ. ಆ ಐನೂರನ್ನು ಸ್ವಂತ ಕಿಸೆಯಿಂದ ತುಂಬಿದ ಅನುಭವ ನಮಗುಂಟು.

ಬ್ರೆಜಿಲ್ ದೇಶದ ಬಾರ್ಬೋಜಾ ಎಂಬ ಗೋಲ್‌ಕೀಪರನು 1950ರ ಜುಲೈ 16ರಂದು ರಿಯೋ ನಗರದ ಮರಕಾನಾ ಮೈದಾನದಲ್ಲಿ ಉರುಗ್ವೆಯ ಗಿಗ್ಗಿಯಾ ಹೊಡೆದ ಒಂದು ಚೆಂಡನ್ನು ತಡೆಯಲಾರದೆ ಹೋದನು. ವಿಶ್ವಕಪ್ ಕೈತಪ್ಪಿತು. ಆತನು 2000ದಲ್ಲಿ ತೀರಿಕೊಂಡನು. ಆ ಅರ್ಧ ಶತಮಾನವೂ ಅವನ ನಾಡು ಆ ಒಂದು ಚೆಂಡನ್ನು ಮರೆಯಲಿಲ್ಲ. ಸ್ವಂತ ನಾಡಿನವನ ಗತಿ ಇದು. ಇನ್ನು ಪರದೇಶಿಯೊಬ್ಬನು, ಅದೂ ಶತ್ರುದೇಶದವನು, ಗೋಲಿನಲ್ಲಿ ನಿಂತರೆ?

ಆ ಕತೆಗೆ ಹೋಗುವ ಮುನ್ನ ನಮ್ಮ ನಾಡಿನವರನ್ನು ನೆನೆಯದಿದ್ದರೆ ತಪ್ಪಾದೀತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಜುಲೈ 31ರಂದು, ಇಲ್‌ಫರ್ಡ್ ಎಂಬಲ್ಲಿ ಭಾರತ ತಂಡ ಫ್ರಾನ್ಸಿನ ಎದುರು ಆಡಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರದು ಬರಿಗಾಲು. ಗೋಲಿನಲ್ಲಿ ನಿಂತವರು ಮೈಸೂರು ಸಂಸ್ಥಾನದ ಪರವಾಗಿ ಆಡುತ್ತಿದ್ದ ವರದರಾಜ್. ನಮ್ಮ ಒಂದು ಗೋಲನ್ನು ಹೊಡೆದವರೂ ಮೈಸೂರಿನ ಕಡೆಯವರೇ ಆದ ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಮುಗಿಯಲು ಇನ್ನೊಂದು ನಿಮಿಷವಿದೆ ಎನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು ಗೆದ್ದಿತು. ಅವರಾರೂ ಆಟವನ್ನೇ ಕಸುಬಾಗಿ ಮಾಡಿಕೊಂಡವರಲ್ಲ. ಹೋಗಿ, ಆಡಿ, ಮರಳಿದರು.

ಅದಾಗಿ ಕೆಲವೇ ದಿನಗಳಿಗೆ, ಅದೇ 1948ರ ಆಗಸ್ಟಿನಲ್ಲಿ, ಅದೇ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಸೇಂಟ್ ಹೆಲೆನ್ಸ್ ಎಂಬ ಊರಿನ ಚಿಕ್ಕ ತಂಡವೊಂದರ ಗೋಲಿಗೆ ಒಬ್ಬ ಜರ್ಮನನು ಬಂದು ನಿಂತನು. ಅವನೇ ನಮ್ಮ ಕಥಾನಾಯಕ, ಬರ್ನ್‌ಹಾರ್ಡ್ ಕಾರ್ಲ್ ಟ್ರಾಟ್‌ಮನ್. ಹುಟ್ಟಿದ್ದು 1923ರ ಅಕ್ಟೋಬರ್ 22ರಂದು, ಬ್ರೆಮನ್ ಎಂಬ ಬಂದರು ನಗರದಲ್ಲಿ, ಕೂಲಿಕಾರರ ಮನೆಯಲ್ಲಿ. ಹತ್ತು ವರ್ಷಕ್ಕೆ ಹಿಟ್ಲರನ ಬಾಲಸಂಘ, ಹದಿನೇಳಕ್ಕೆ ಸೈನ್ಯ. ಪ್ಯಾರಾಷೂಟ್ ದಳದಲ್ಲಿದ್ದು ರಷ್ಯದ ರಣರಂಗದಲ್ಲಿ ವರ್ಷಗಟ್ಟಲೆ ಕಾದಾಡಿದನು. ಶೌರ್ಯಕ್ಕಾಗಿ ಐರನ್ ಕ್ರಾಸ್ ಪದಕವನ್ನೂ ಪಡೆದನು. ಉಕ್ರೇನಿನ ಕಾಡಿನಲ್ಲಿ ನಿರಪರಾಧಿಗಳನ್ನು ಸಾಲಾಗಿ ನಿಲ್ಲಿಸಿ ಕೊಂದದ್ದನ್ನು ಮರೆಯಿಂದ ನೋಡಿದ್ದಾಗಿ ಮುಪ್ಪಿನಲ್ಲಿ ತಾನೇ ಒಪ್ಪಿಕೊಂಡನು. ನಾವು ಇದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ಸರಿಯಲ್ಲ. ಅವನನ್ನು ದ್ವೇಷಿಸಿದವರಿಗೆ ಕಾರಣವಿಲ್ಲದೆ ಇರಲಿಲ್ಲ.

1945ರಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕು ಇಂಗ್ಲೆಂಡಿಗೆ ಬಂದನು. ಆಷ್ಟನ್ ಎಂಬ ಊರಿನ ಬಳಿ ಸೆರೆಯಾಳುಗಳ 50ನೆಯ ಶಿಬಿರ. ಹಿಟ್ಲರನ ಯಾತನಾ ಶಿಬಿರಗಳ ಚಲನಚಿತ್ರವನ್ನು ಸೆರೆಯಾಳುಗಳಿಗೆ ತೋರಿಸುತ್ತಿದ್ದರು. ಬಾಲ್ಯದಿಂದ ನಂಬಿದ್ದೆಲ್ಲ ಕುಸಿದದ್ದು ಆ ದಿನಗಳಲ್ಲಿ. ಶಿಬಿರದಲ್ಲಿ ಕಾಲ್ಚೆಂಡಿನ ಆಟವಿತ್ತು. ಟ್ರಾಟ್‌ಮನ್ ಆಗ ಗೋಲ್‌ಕೀಪರನಲ್ಲ, ನಡುವಿನಲ್ಲಿ ಆಡುವವನು. ಒಂದು ದಿನ ಪೆಟ್ಟಾಗಿ ಓಡಲಾರದೆ, ಗೋಲಿನಲ್ಲಿದ್ದವನೊಡನೆ ಜಾಗ ಬದಲಾಯಿಸಿಕೊಂಡನು. ಅಂದು ಅಲ್ಲಿ ನಿಂತವನು ಮತ್ತೆ ಆ ಜಾಗ ಬಿಡಲಿಲ್ಲ. ನಮ್ಮ ಗದಗಿನ ಹುಡುಗನಂತೆ ಇವನೂ ಬಯಸಿ ಗೋಲಿಗೆ ಹೋದವನಲ್ಲ ಎಂಬುದನ್ನು ಮಕ್ಕಳು ಗಮನಿಸಬೇಕು.

1948ರಲ್ಲಿ ಬಿಡುಗಡೆಯಾಯಿತು. ಊರಿಗೆ ಹೋಗಬಹುದಾಗಿತ್ತು, ಹೋಗಲಿಲ್ಲ. ಹೊಲದಲ್ಲಿ ಕೂಲಿ ಮಾಡಿದನು. ಸಿಡಿಯದೆ ಉಳಿದ ಬಾಂಬುಗಳನ್ನು ತೆಗೆಯುವ ಕೆಲಸಕ್ಕೂ ಸೇರಿದನು. ಜೊತೆಗೆ ಸೇಂಟ್ ಹೆಲೆನ್ಸ್ ಟೌನ್ ತಂಡದ ಗೋಲು. ಆ ತಂಡದ ಕಾರ್ಯದರ್ಶಿಯ ಮಗಳನ್ನೇ ಮುಂದೆ ಮದುವೆಯಾದನು. (ನಮ್ಮ ಕಾರ್ಯದರ್ಶಿಗಳು ಗಾಬರಿಯಾಗಬಾರದು!) ‘ಬರ್ನ್‌ಹಾರ್ಡ್’ ಎನ್ನಲು ನಾಲಗೆ ಹೊರಳದ ಇಂಗ್ಲಿಷರು ಅವನನ್ನು ‘ಬರ್ಟ್’ ಎಂದರು. ಪರವೂರಿನವರ ಬಾಯಲ್ಲಿ ಹೆಸರು ಮೊಟಕಾಗುವುದು ನಮಗೇನೂ ಹೊಸತಲ್ಲವಷ್ಟೇ.

1949ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಎಂಬ ದೊಡ್ಡ ಕ್ಲಬ್ಬು ಅವನನ್ನು ಸೇರಿಸಿಕೊಂಡಿತು. ಸುದ್ದಿ ಹಬ್ಬುತ್ತಲೇ ನಗರ ಕೆರಳಿತು. 1940ರ ಕ್ರಿಸ್ಮಸ್ ಸಮಯದಲ್ಲಿ ಜರ್ಮನ್ ವಿಮಾನಗಳು ಸುಟ್ಟ ನಗರವದು. ನೆರೆಯ ಯುನೈಟೆಡ್ ಕ್ಲಬ್ಬಿನ ಮೈದಾನವೂ ಬಾಂಬಿಗೆ ಹಾಳಾಗಿ, ಅವರು 1949ರ ವರೆಗೆ ಸಿಟಿಯ ಮೈದಾನದಲ್ಲೇ ಆಡಬೇಕಾಗಿತ್ತು. ಮನೆಮನೆಯಲ್ಲೂ ಸತ್ತವರಿದ್ದರು. ಅದೂ ಅಲ್ಲದೆ ಇವನು ಬಂದದ್ದು ಫ್ರಾಂಕ್ ಸ್ವಿಫ್ಟ್ ಎಂಬ, ಜನ ಮನೆಮಗನಂತೆ ಪ್ರೀತಿಸುತ್ತಿದ್ದ ಗೋಲ್‌ಕೀಪರನ ಜಾಗಕ್ಕೆ. ಸುಮಾರು 20,000 ಜನ ಬೀದಿಗಿಳಿದು ಪ್ರತಿಭಟಿಸಿದರೆಂದು ಹೇಳುತ್ತಾರೆ. ಸೀಸನ್ ಟಿಕೆಟುಗಳನ್ನು ಹಿಂದಿರುಗಿಸುವೆವೆಂದು ಪತ್ರಗಳು ಬಂದವು.

ಇಲ್ಲಿ ಎರಡು ಜನರ ಮಾತನ್ನು ಹೇಳಲೇಬೇಕು. ಈ ಭಾಷಣವನ್ನು ನಾವು ಒಪ್ಪಿಕೊಂಡದ್ದೇ ಅವರಿಗಾಗಿ.

ಮೊದಲನೆಯವನು ತಂಡದ ನಾಯಕ ಎರಿಕ್ ವೆಸ್ಟ್‌ವುಡ್. ನಾರ್ಮಂಡಿಯಲ್ಲಿ ಜರ್ಮನರ ಗುಂಡಿಗೆ ಎದೆಯೊಡ್ಡಿ ಬಂದವನು. ಟ್ರಾಟ್‌ಮನ್ ಮೊದಲ ದಿನ ಬಟ್ಟೆ ಬದಲಾಯಿಸುವ ಕೋಣೆಗೆ ಕಾಲಿಟ್ಟಾಗ, ಈ ಕೋಣೆಯೊಳಗೆ ಯುದ್ಧವಿಲ್ಲ ಎಂಬರ್ಥದ ಒಂದೇ ಮಾತು ಹೇಳಿ ಅವನನ್ನು ಬರಮಾಡಿಕೊಂಡನು. ಎರಡನೆಯವರು ಆ ನಗರದ ಯೆಹೂದಿ ಧರ್ಮಗುರುಗಳಾದ ಅಲೆಕ್ಸಾಂಡರ್ ಆಲ್ಟ್‌ಮನ್. 1938ರಲ್ಲಿ ಜರ್ಮನಿ ಬಿಟ್ಟು ಓಡಿಬಂದವರು. ಅವರ ತಂದೆ ತಾಯಿಗಳನ್ನು ನಾಜಿಗಳು ಕೊಂದಿದ್ದರು. ಇಂಥವರು ಪತ್ರಿಕೆಗೆ ಬಹಿರಂಗ ಪತ್ರ ಬರೆದು, ಒಂದು ದೇಶ ಮಾಡಿದ ಪಾಪವನ್ನು ಒಬ್ಬ ಮನುಷ್ಯನ ತಲೆಗೆ ಕಟ್ಟಬಾರದು, ಆತನ ನಡತೆಯನ್ನು ನೋಡಿ ತೀರ್ಮಾನಿಸಿರಿ ಎಂದು ನಗರದವರನ್ನು ಕೇಳಿಕೊಂಡರು.

ಬಂಧುಗಳೇ, ಪರವೂರಿಗೆ ಹೊರಟ ಮಗನಿಗೆ ನಮ್ಮ ಹಿರಿಯರು ಹೇಳಿಕೊಡುವ ಬುದ್ಧಿ ಒಂದೇ: ಬಗ್ಗಿಸಿದ ತಲೆ ಎತ್ತದೆ ದುಡಿ, ನಿನ್ನ ಕೆಲಸವೇ ನಿನ್ನ ಪರವಾಗಿ ಮಾತನಾಡುತ್ತದೆ. ನಾವೂ ಬಹುಕಾಲ ಇದನ್ನು ನಂಬಿದ್ದೆವು. ಈಗ ಅಷ್ಟಾಗಿ ನಂಬುವುದಿಲ್ಲ. ಕೆಲಸವು ಮಾತನಾಡಬೇಕಾದರೆ ಮೊದಲು ಕೆಲಸ ಮಾಡಲು ನಿಲ್ಲಗೊಡಬೇಕು. ನಿಲ್ಲಗೊಡುವವರು ಮೊದಲೇ ಒಳಗಿರುವವರು. ಈ ಕತೆಯಲ್ಲಂತೂ, ಸಿಟ್ಟಾಗಲು ಎಲ್ಲರಿಗಿಂತ ಹೆಚ್ಚು ಹಕ್ಕುಳ್ಳವರೇ ಮುಂದೆ ಬಂದರು.

ನಮ್ಮದೂ ಒಂದು ಸಣ್ಣ ಅನುಭವವುಂಟು. ಈ ಮಹಾನಗರಕ್ಕೆ ವರ್ಗವಾಗಿ ಬಂದ ಮೊದಲ ವಾರ. ಕೌಂಟರಿನ ಎದುರು ನಿಂತ ವೃದ್ಧರೊಬ್ಬರು ಮರಾಠಿಯಲ್ಲಿ ಏನೋ ಕೇಳಿದರು; ನಮಗೆ ಅರ್ಥವಾಗಲಿಲ್ಲ. ಭಾಷೆ ಬಾರದವರನ್ನು ಇಲ್ಲಿಗೇಕೆ ಕಳಿಸುತ್ತಾರೆಂದು ಅವರು ಎತ್ತರದ ದನಿಯಲ್ಲಿ ಕೂಗಾಡಿದರು. ತಪ್ಪು ಅವರದೆಂದು ನಾವು ಹೇಳೆವು. ಪಿಂಚಣಿಯ ಹಣ, ಬಿಸಿಲಲ್ಲಿ ಬಂದವರು. ಪಕ್ಕದ ಕೌಂಟರಿನಲ್ಲಿ ನಾವೆಲ್ಲರೂ ‘ತಾಯಿ’ ಎಂದು ಕರೆಯುತ್ತಿದ್ದ ಹಿರಿಯ ಗುಮಾಸ್ತೆಯೊಬ್ಬರಿದ್ದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಅವರು ಎದ್ದು ಬಂದು ಆ ವೃದ್ಧರಿಗೆ, “ಅಜ್ಜಾ, ಈತ ನಮ್ಮ ಹುಡುಗ. ಮರಾಠಿ ಕಲಿಸುವ ಕೆಲಸ ನನ್ನದು. ಬಾಕಿ ಇದ್ದರೆ ನನ್ನನ್ನು ಬೈಯಿರಿ” ಎಂದರು. ಆರು ತಿಂಗಳಲ್ಲಿ ಕಲಿಸಿಯೂಬಿಟ್ಟರು. ಆ ವೃದ್ಧರು ಮುಂದೆ ನಮ್ಮ ಕೌಂಟರಿಗೇ ಬರುತ್ತಿದ್ದರು.

ಟ್ರಾಟ್‌ಮನ್ನನಿಗೆ ಅಷ್ಟು ಸುಲಭವಾಗಲಿಲ್ಲ. ಮೊದಲ ಪಂದ್ಯ 1949ರ ನವೆಂಬರ್ 19ರಂದು, ಬೋಲ್ಟನ್ ತಂಡದ ಎದುರು. ಹೋದ ಹೋದ ಊರಲ್ಲೆಲ್ಲ ಗೋಲಿನ ಹಿಂದೆ ನಿಂತವರ ಬೈಗುಳ. ಕೆಲವೇ ವಾರಗಳಲ್ಲಿ ಡರ್ಬಿ ಎಂಬ ಊರಿನಲ್ಲಿ ಅವನನ್ನು ದಾಟಿ ಏಳು ಗೋಲು ಹೋದವು. ಐದಲ್ಲ, ಏಳು. ಹಾಗಾದ ಮೇಲೂ ಕ್ಲಬ್ಬಿನವರು ಅವನನ್ನು ಮುಂದಿನ ಪಂದ್ಯಗಳಲ್ಲಿ ನಿಲ್ಲಿಸಿದರು. 1950ರ ಜನವರಿಯಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ತಂಡದ ಎದುರು ಆಟ. ಲಂಡನ್ ಎಂದರೆ ಬಾಂಬಿನ ಗಾಯ ಇನ್ನೂ ಮಾಯದ ನಗರ. ಬೈಗುಳದೊಡನೆ ಆಟ ಮೊದಲಾಯಿತು. ಸಿಟಿ ಸೋತದ್ದು ಒಂದೇ ಗೋಲಿನಿಂದ. ಉಳಿದದ್ದನ್ನೆಲ್ಲ ಈತನು ಹಾರಿ, ಉರುಳಿ, ಬಿದ್ದು ತಡೆದಿದ್ದನು. ಆಟ ಮುಗಿದು ಮೈದಾನದಿಂದ ಹೊರಗೆ ಬರುವಾಗ ಎರಡೂ ತಂಡದವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಬೈದ ಜನರೇ ಎದ್ದು ನಿಂತಿದ್ದರು. ಆ ವರ್ಷ ಸಿಟಿ ತಂಡ ಎರಡನೆಯ ದರ್ಜೆಗೆ ಇಳಿಯಿತೆಂಬುದು ಬೇರೆ ಮಾತು. ಮರುವರ್ಷವೇ ಮೇಲೆ ಬಂದಿತು.

ಕಸುಬಿನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಬಿ.ಕಾಂ. ಓದಿದವನ ಚಾಳಿ, ಸಂಬಳ ಕೇಳದೆ ಇರಲಾರೆವು. ಇಂದಿನ ಆಟಗಾರರ ಕೋಟಿಗಳನ್ನು ಕೇಳಿದ ಮಕ್ಕಳು ನಂಬಲಾರರು: ಇಂಗ್ಲೆಂಡಿನಲ್ಲಿ 1961ರ ವರೆಗೆ ಯಾವ ಆಟಗಾರನಿಗೂ ವಾರಕ್ಕೆ 20 ಪೌಂಡಿಗೆ ಮೀರಿ ಸಂಬಳ ಕೊಡಕೂಡದೆಂಬ ಕಟ್ಟಳೆಯಿತ್ತು, ಇವನ ಏರುಗಾಲದಲ್ಲಿ ಆ ಮಿತಿ ಇನ್ನೂ ಕಡಿಮೆ. ಎದುರಾಳಿಯು ಹೆಗಲು ಕೊಟ್ಟು ಗೋಲ್‌ಕೀಪರನನ್ನು ಚೆಂಡು ಸಮೇತ ಗೋಲಿನೊಳಕ್ಕೆ ನೂಕಿದರೂ ಅದು ನ್ಯಾಯವೇ ಆಗಿತ್ತು. ಮಳೆಗಾಲದ ಚರ್ಮದ ಚೆಂಡು ನೀರು ಕುಡಿದು ಕಲ್ಲಾಗುತ್ತಿತ್ತು. ಸೆಲ್ಟಿಕ್ ತಂಡದ ಜಾನ್ ಥಾಮ್ಸನ್ ಎಂಬ 22 ವರ್ಷದ ಗೋಲ್‌ಕೀಪರನು 1931ರಲ್ಲಿ ಎದುರಾಳಿಯ ಕಾಲಿಗೆ ಅಡ್ಡ ಹಾರಿ, ತಲೆಗೆ ಪೆಟ್ಟುಬಿದ್ದು ಅದೇ ದಿನ ತೀರಿಕೊಂಡನು.

ಟ್ರಾಟ್‌ಮನ್ನನು ಈ ಕಸುಬಿಗೆ ಹೊಸದೊಂದನ್ನು ಕೂಡಿಸಿದನು. ಆಗಿನ ಗೋಲ್‌ಕೀಪರರು ಹಿಡಿದ ಚೆಂಡನ್ನು ಬಲವಾಗಿ ಒದ್ದು ದೂರ ಕಳಿಸುತ್ತಿದ್ದರು. ಅದು ತಮ್ಮವರಿಗೆ ಸಿಗಲಿ, ಎದುರಿನವರಿಗೆ ಸಿಗಲಿ, ತಮ್ಮ ಗೋಲಿನಿಂದ ದೂರವಾದರೆ ಸಾಕು. ಚಿಕ್ಕಂದಿನಲ್ಲಿ ಜರ್ಮನಿಯ ಕೈಚೆಂಡಾಟದಲ್ಲಿ ಪಳಗಿದ್ದ ಇವನು, ಅಷ್ಟು ದೂರಕ್ಕೆ ಕೈಯಿಂದಲೇ ಎಸೆದು ತಮ್ಮವನ ಕಾಲಿಗೇ ತಲುಪಿಸುತ್ತಿದ್ದನು. ಬಾಗಿಲು ಕಾಯುವವನೇ ದಾಳಿಯನ್ನು ಮೊದಲುಮಾಡುವ ಈ ರೀತಿಯೂ ಡಾನ್ ರೆವಿಯ ಚಾತುರ್ಯವೂ ಕೂಡಿ ಸಿಟಿ ತಂಡ 1955ರಲ್ಲಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯ ತಲುಪಿತು. ಅಲ್ಲಿ ನ್ಯೂಕಾಸಲ್ ತಂಡಕ್ಕೆ 3-1ರಿಂದ ಸೋತಿತು. ಮರುವರ್ಷ ಮತ್ತೆ ಅಂತಿಮ ಪಂದ್ಯ. ಅದರ ಮುನ್ನವೇ ಇಂಗ್ಲೆಂಡಿನ ಪತ್ರಕರ್ತರು ಆ ವರ್ಷದ ಶ್ರೇಷ್ಠ ಆಟಗಾರನೆಂದು ಆರಿಸಿದ್ದು ಈ ಜರ್ಮನನನ್ನು. ಗೋಲ್‌ಕೀಪರನಿಗೆ ಆ ಗೌರವ ಸಂದದ್ದು ಅದೇ ಮೊದಲು.

1956ರ ಮೇ 5. ವೆಂಬ್ಲಿ ಮೈದಾನದಲ್ಲಿ ಒಂದು ಲಕ್ಷ ಜನ. ಎದುರಿಗೆ ಬರ್ಮಿಂಗ್‌ಹ್ಯಾಮ್ ಸಿಟಿ. ಮ್ಯಾಂಚೆಸ್ಟರಿನವರು 3-1ರಿಂದ ಮುಂದಿದ್ದಾರೆ, ಉಳಿದದ್ದು 17 ನಿಮಿಷ. ಪೀಟರ್ ಮರ್ಫಿ ಎಂಬವನು ಚೆಂಡಿನೊಡನೆ ನುಗ್ಗಿಬಂದಾಗ ಟ್ರಾಟ್‌ಮನ್ ಅವನ ಕಾಲಿಗೇ ಅಡ್ಡ ಹಾರಿದನು. ಚೆಂಡು ಸಿಕ್ಕಿತು, ಮರ್ಫಿಯ ಮೊಣಕಾಲು ಕುತ್ತಿಗೆಗೆ ಬಡಿಯಿತು. ಎದ್ದಾಗ ಕಣ್ಣು ಕತ್ತಲೆ. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಇಂಗ್ಲಿಷ್ ಲೀಗಿನಲ್ಲಿ ಅದು ಬಂದದ್ದು 1965ರಲ್ಲಿ. ಹೊರಗೆ ಹೋದರೆ ತಂಡ ಹತ್ತು ಜನಕ್ಕೆ ಇಳಿಯುತ್ತದೆ, ಗೋಲು ಕಾಯಲು ಬಾರದವನೊಬ್ಬನು ನಿಲ್ಲಬೇಕಾಗುತ್ತದೆ. ಅವನು ಹೋಗಲಿಲ್ಲ. ತಮ್ಮವನೇ ಆದ ಯೂಯಿಂಗ್ ಎಂಬವನಿಗೆ ಇನ್ನೊಮ್ಮೆ ಡಿಕ್ಕಿ ಹೊಡೆದನು. ಆ ಮೇಲೂ ಗೋಲು ಬಿಡಲಿಲ್ಲ. ಆ ಕೊನೆಯ ನಿಮಿಷಗಳು ಮಂಜಿನಲ್ಲಿ ಕಳೆದಂತೆ ನೆನಪಿನಲ್ಲೇ ಉಳಿಯಲಿಲ್ಲವೆಂದು ಮುಂದೆ ಹೇಳುತ್ತಿದ್ದನು. ಕಪ್ಪು ಗೆದ್ದರು. ಪದಕ ಕೊಡುವಾಗ ರಾಣಿಯ ಪತಿ ಫಿಲಿಪ್ ಅವರು ಈತನ ಕುತ್ತಿಗೆ ವಾರೆಯಾಗಿದೆಯಲ್ಲ ಎಂದು ಗಮನಿಸಿದರಂತೆ.

ಮರುದಿನ ಲಂಡನ್ನಿನ ವೈದ್ಯರು ಉಳುಕು, ಸರಿಹೋಗುತ್ತದೆ ಎಂದರು. ಮ್ಯಾಂಚೆಸ್ಟರಿಗೆ ಮರಳಿ ಎಕ್ಸ್‌ರೇ ತೆಗೆಸಿದಾಗ ಕುತ್ತಿಗೆಯ ಐದು ಎಲುಬಿನ ಮಣಿಗಳು ಜಾರಿದ್ದವು, ಎರಡನೆಯದು ಸೀಳಿಹೋಗಿತ್ತು. ಮೂರನೆಯದು ಬಂದು ಅದಕ್ಕೆ ಆನಿಕೊಂಡದ್ದರಿಂದ ಪ್ರಾಣ ಉಳಿದಿತ್ತು. ಜನ ಇದನ್ನು ಶೌರ್ಯದ ಕತೆಯಾಗಿ ಹೇಳುತ್ತಾರೆ; 2018ರ ‘ದ ಕೀಪರ್’ ಎಂಬ ಚಲನಚಿತ್ರದಲ್ಲೂ ಇದು ಬರುತ್ತದೆ. ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಶೌರ್ಯ ಹೌದು, ಆದರೆ ಯಾರಾದರೂ ಅವನ ರಟ್ಟೆ ಹಿಡಿದು ಹೊರಗೆ ಕರೆತರಬೇಕಾಗಿತ್ತು. ಒಂದು ಕಪ್ಪಿಗಾಗಿ ಕತ್ತು ಕೊಡುವುದನ್ನು ನಾವು ನಮ್ಮ ಮಕ್ಕಳಿಗೆ ಕಲಿಸಲಾರೆವು. ಹೊಸಬನು ತನ್ನವರ ಮುಂದೆ ಹಿಂಜರಿಯಲು ಹೆದರುತ್ತಾನೆ. ಆ ಹೆದರಿಕೆಯೂ ಅದರಲ್ಲಿ ಇತ್ತೇ ಎಂದು ಕೆಲವೊಮ್ಮೆ ಅನ್ನಿಸುತ್ತದೆ.

ಅದಾಗಿ ಕೆಲವೇ ವಾರಗಳಲ್ಲಿ ಅವನ ಐದು ವರ್ಷದ ಮಗ ಮೋಟಾರಿಗೆ ಸಿಕ್ಕು ಸತ್ತನು. ಅದರ ಮುಂದೆ ಕುತ್ತಿಗೆಯ ನೋವು ಎಷ್ಟರದು. ನವೆಂಬರ್ ಒಂದರಂದು ನಮ್ಮ ನಾಡು ಒಂದಾಗಿ ಇಲ್ಲಿಯ ಕನ್ನಡಿಗರೂ ದೀಪ ಹಚ್ಚಿದ ಆ ವರ್ಷ, ಅವನು ಇನ್ನೂ ಮೊದಲ ತಂಡಕ್ಕೆ ಮರಳಿರಲಿಲ್ಲ. ಡಿಸೆಂಬರಿನಲ್ಲಿ ಮರಳಿದನು. ಆ ಮೇಲೆ 1964ರ ವರೆಗೆ ಅದೇ ಕ್ಲಬ್ಬು, ಅದೇ ಗೋಲು. ಒಟ್ಟು 545 ಪಂದ್ಯಗಳು. ಜರ್ಮನಿಯ ಪರವಾಗಿ ಒಂದೂ ಇಲ್ಲ. ಅಲ್ಲಿಯ ತರಬೇತುದಾರ ಹರ್ಬರ್ಗರ್, ಸ್ವದೇಶದಲ್ಲಿ ಆಡದವನನ್ನು ಆರಿಸಲಾರೆನೆಂದುಬಿಟ್ಟನು. ಊರು ಬಿಟ್ಟವನು ಎರಡೂ ಕಡೆಯ ಪಟ್ಟಿಯಲ್ಲಿ ಇರುವುದು ಕಷ್ಟ. ನಮ್ಮ ರೇಷನ್ ಕಾರ್ಡು ವರ್ಗಾಯಿಸಿಕೊಂಡವರು ಬಲ್ಲರು.

1964ರ ಏಪ್ರಿಲಿನಲ್ಲಿ ಅವನ ಬೀಳ್ಕೊಡುಗೆಯ ಪಂದ್ಯ ನಡೆಯಿತು. ಸಿಟಿಯವರೂ ಯುನೈಟೆಡ್ಡಿನವರೂ ಒಂದೇ ತಂಡವಾಗಿ ಅವನ ಪರವಾಗಿ ಆಡಿದರು. ಲೆಕ್ಕಕ್ಕೆ ಸಿಕ್ಕ ಪ್ರೇಕ್ಷಕರೇ 47,000ಕ್ಕೆ ಮೇಲೆ. ಹದಿನೈದು ವರ್ಷಗಳ ಹಿಂದೆ ಬೀದಿಗಿಳಿದಿದ್ದ 20,000 ಜನರಲ್ಲಿ ಎಷ್ಟು ಮಂದಿ ಅಂದು ಅಲ್ಲಿದ್ದರೋ.

ಆ ಮೇಲೆ ತರಬೇತುದಾರನಾಗಿ ಬರ್ಮಾ, ಟಾಂಜಾನಿಯಾ, ಲೈಬೀರಿಯಾ, ಪಾಕಿಸ್ತಾನ ಮೊದಲಾದ ದೇಶಗಳಲ್ಲಿ ಹುಡುಗರಿಗೆ ಆಟ ಕಲಿಸಿದನು. ಕೊನೆಗೆ ಸ್ಪೇನಿನಲ್ಲಿ ನೆಲೆಸಿದನು. 2004ರಲ್ಲಿ ಬ್ರಿಟಿಷ್ ಸರ್ಕಾರ ಒ.ಬಿ.ಇ. ಬಿರುದನ್ನಿತ್ತಿತು. 2013ರ ಜುಲೈ 19ರಂದು, 89ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇನ್ನು ನಮ್ಮ ಹುಡುಗನ ಮಾತು. ಕ್ರೀಡಾಕೂಟ ಮುಗಿದ ಎರಡನೆಯ ಭಾನುವಾರ ಅವನ ಮನೆಗೆ ಹೋಗಿದ್ದೆವು. ತಾಯಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಹುಡುಗ ಒಳಕೋಣೆಯಿಂದ ಹೊರಗೆ ಬರಲೊಲ್ಲನು. ಡರ್ಬಿಯ ಏಳು ಗೋಲಿನ ಕತೆಯನ್ನು ಬಾಗಿಲ ಕಡೆ ಮುಖಮಾಡಿ ಗಟ್ಟಿಯಾಗಿ ಹೇಳಿದೆವು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, “ಏಳ್ರೀ? ಒಂದ ಮ್ಯಾಚಿನ್ಯಾಗ?” ಎಂದು ಕೇಳಿದನು.

ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮಕ್ಕಳು ಮತ್ತೆ ಆಡುತ್ತಾರೆ. ಗೋಲಿನ ಸರದಿಯನ್ನು ಹೊಸಬ ಹಳಬರೆನ್ನದೆ ಹತ್ತು ಹತ್ತು ನಿಮಿಷ ಹಂಚಿ ಪಟ್ಟಿ ಬರೆದಿದ್ದೇವೆ. ಮೊದಲ ಹೆಸರು ನಮ್ಮ ಮಗನದು, ಅವನು ಈಗಲೇ ಮುಖ ಊದಿಸಿಕೊಂಡಿದ್ದಾನೆ. ಒಂದು ಜೊತೆ ಕೈಗವಸು ತಂದಿಟ್ಟಿದ್ದೇವೆ, ರಸೀತಿ ಖಜಾಂಚಿಗಳ ಬಳಿ ಇದೆ. ಮೈದಾನದ ಗೋಲಿಗೆ ಬಲೆಯಿಲ್ಲ. ಹಿರಿಯರು ಯಾರಾದರೂ ಇಬ್ಬರು ಬಂದು ಗೋಲಿನ ಹಿಂದೆ ನಿಂತರೆ ಚೆಂಡು ರಸ್ತೆಗೆ ಹೋಗುವುದು ತಪ್ಪುತ್ತದೆ. ಬೈಯದೆ ನಿಲ್ಲಬೇಕು, ಅಷ್ಟೇ ಷರತ್ತು.